ಬಾಳೂರಿನ ಮಳೆ ಪುಸ್ತಕ

ಪುಣೆ
12 ಜನವರಿ 1996

ಮಾನ್ಯ ಬೆಳ್ಳಿಯಪ್ಪನವರಿಗೆ,

ಕೃತಿಕಾ ಮಾಡುವ ನಮಸ್ಕಾರಗಳು. ನಿಮಗೆ ನನ್ನ ಪರಿಚಯವಿಲ್ಲ. ಚಿಕ್ಕಮಗಳೂರಿನಲ್ಲಿ ಗೋಣಿಚೀಲ, ಹಗ್ಗ, ಟಾರ್ಪಾಲಿನ ಅಂಗಡಿ ಇಟ್ಟಿರುವ ಬಸವರಾಜಪ್ಪನವರ ಮಗಳು ನಾನು. ಇಲ್ಲಿ ಮಳೆಯ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಅದೇ ಘಟ್ಟ, ಅದೇ ಗಾಳಿ, ಆದರೂ ಒಂದು ದಿನ ಎರಡು ಇಂಚಿಗೆ ನಿಲ್ಲುವ ಮಳೆ ಇನ್ನೊಂದು ದಿನ ಹತ್ತು ಇಂಚು ಏಕೆ ಸುರಿಯುತ್ತದೆ ಎಂಬುದು ನನ್ನ ಪ್ರಶ್ನೆ.

ಇದಕ್ಕೆ ಹಳೆಯ ಅಳತೆಗಳು ಬೇಕು. ಸರ್ಕಾರದ ಮಾಪಕಗಳು ಪೇಟೆಯಲ್ಲಿವೆ, ಜೋರು ಮಳೆ ಬೀಳುವುದು ನಿಮ್ಮಂಥವರ ತೋಟದ ಮೇಲೆ. ನೀವು 1961ರಿಂದ ದಿನವೂ ಮಳೆ ಅಳೆದು ಬರೆದಿಟ್ಟಿದ್ದೀರೆಂದು ಅಪ್ಪ ಹೇಳಿದರು. ಆ ಪುಸ್ತಕದ ನಕಲು ಸಿಗಬಹುದೇ? ಜೆರಾಕ್ಸ್ ಮಾಡಿಸುವ ವ್ಯವಸ್ಥೆ ಅಪ್ಪ ನೋಡಿಕೊಳ್ಳುತ್ತಾರೆ.

ವಿಶ್ವಾಸಿ,
ಕೃತಿಕಾ


ಬಾಳೂರು
4 ಫೆಬ್ರವರಿ 1996

ಕುಮಾರಿ ಕೃತಿಕಾ ಅವರಿಗೆ,

ಬೆಳ್ಳಿಯಪ್ಪನ ನಮಸ್ಕಾರ. ನಿಮ್ಮ ತಂದೆಯ ಅಂಗಡಿಯ ಟಾರ್ಪಾಲು ಮೂರು ಮಳೆಗಾಲ ಬರುತ್ತದೆ ಎಂದು ಹೇಳಿ ಕೊಡುತ್ತಾರೆ, ಎರಡಕ್ಕೇ ಸೋರುತ್ತದೆ. ಆ ಕೋಪವನ್ನು ನಿಮ್ಮ ಮೇಲೆ ತೀರಿಸಿಕೊಳ್ಳುವುದಿಲ್ಲ. ಪುಸ್ತಕ ಕಳಿಸುತ್ತಿದ್ದೇನೆ. ನಕಲು ತೆಗೆದು ಮೂಲವನ್ನು ಜೋಪಾನವಾಗಿ ವಾಪಸು ಮುಟ್ಟಿಸಿ. ಮೂವತ್ತೈದು ವರ್ಷದಲ್ಲಿ ಅದು ನನ್ನ ಮನೆ ಬಿಟ್ಟು ಹೊರಗೆ ಹೋಗುತ್ತಿರುವುದು ಇದೇ ಮೊದಲು.

ಅಳೆಯುವ ಕ್ರಮ ಹೀಗೆ. ಕಣದ ಮೂಲೆಯಲ್ಲಿ ಮಳೆ ಡಬ್ಬಿ ಹೂತಿದೆ. ಬೆಳಗ್ಗೆ ಎಂಟಕ್ಕೆ ಒಳಗಿನ ನೀರನ್ನು ಅಳತೆ ಗಾಜಿಗೆ ಸುರಿದು, ಇಂಚು, ಇಂಚಿನ ನೂರನೇ ಪಾಲಾದ ಸೆಂಟು ನೋಡಿ ಬರೆಯುತ್ತೇನೆ. ಗಾಜನ್ನು ನಾನು ಬಿಟ್ಟು ಯಾರೂ ಮುಟ್ಟುವಂತಿಲ್ಲ. 65ರಲ್ಲಿ ನಮ್ಮ ದ್ಯಾವಮ್ಮತ್ತೆ ಒಂದು ಗಾಜು ಒಡೆದರು. ಅಂದಿನಿಂದ ಅದು ಬೀರುವಿನೊಳಗೆ, ಬೀಗದ ಕೈ ನನ್ನ ಸೊಂಟದಲ್ಲಿ. ಪುಸ್ತಕ ತಿರುವಿ ನೋಡಿ, ಒಂದು ಸಾಲೂ ಖಾಲಿ ಇಲ್ಲ. ಸುತ್ತಲ ದೊಡ್ಡ ಎಸ್ಟೇಟುಗಳಲ್ಲಿ ಸಂಬಳ ಕೊಟ್ಟು ರೈಟರನ್ನು ಇಟ್ಟವರ ಪುಸ್ತಕದಲ್ಲೂ ಹಾಗಿಲ್ಲ.

ನನ್ನದೂ ಒಂದು ಕೆಲಸ ನಿಮ್ಮಿಂದ ಆಗಬೇಕು. ನನಗೆ ಒಬ್ಬಳೇ ಮಗಳು, ದಿವ್ಯಾ. ಅಳಿಯ ನಾಗೇಶ ಸಂಸೆಯವನು. ಅಲ್ಲಿ ಅಣ್ಣತಮ್ಮಂದಿರು ಜಾಸ್ತಿ, ತೋಟ ಕಡಿಮೆ, ಹಾಗಾಗಿ ಇಲ್ಲೇ ಇರಿ ಎಂದೆ. ಕೆಳಗೆ ಹಳ್ಳದ ಪಕ್ಕ ಒಂದು ಸಮತಟ್ಟು ಜಾಗವಿದೆ, ಜೀಪು ಬಾಗಿಲವರೆಗೆ ಬರುತ್ತದೆ. ಅವರಿಗೆ ಅಲ್ಲಿ ಮನೆ ಕಟ್ಟಿಸಬೇಕೆಂದಿದ್ದೇನೆ. ಅಡ್ಡ ಬಂದಿರುವವರು ಇದೇ ದ್ಯಾವಮ್ಮತ್ತೆ. ನನ್ನ ತಂದೆಯ ತಂಗಿ, ಎಪ್ಪತ್ತೆರಡು ವಯಸ್ಸು. ನನ್ನ ಹೆಂಡತಿ ತೀರಿಕೊಂಡು ಎಂಟು ವರ್ಷವಾಯಿತು, ಅಂದಿನಿಂದ ಮನೆ ಅವರ ಕೈಯಲ್ಲಿ. ಅವರ ಪ್ರಕಾರ 74ರ ಆಷಾಢದಲ್ಲಿ ನೀರು ಆ ಜಾಗದ ಹಲಸಿನ ಮರದ ಬುಡಕ್ಕೆ ಬಂದಿತ್ತಂತೆ. ಬರುವ ಮುಂಚೆ ಹಳ್ಳ ಸುಮ್ಮನಾಗಿತ್ತಂತೆ. "ಮಳೆ ಹೊಯ್ತಾನೇ ಇತ್ತು ಕಣಾ, ಹಳ್ಳದ್ದು ಸದ್ದೇ ಇಲ್ಲ. ಆಮೇಲೆ ಗುಡ್ಡನೇ ಎದ್ದು ಬಂದಂಗೆ ಬಂತು." ಅಷ್ಟು ಮಳೆಯಲ್ಲಿ ಹಳ್ಳ ಬತ್ತುವುದುಂಟೇ? ನನ್ನ ಪುಸ್ತಕದಲ್ಲಿ ಆ ವಾರದ ದೊಡ್ಡ ಮಳೆ ಏಳು ಇಂಚು ಎಂಬತ್ತು ಸೆಂಟು. ನಮ್ಮ ಕಡೆ ಅದೇನು ಮಹಾ ಮಳೆಯಲ್ಲ. ಓದಿದವರು ನೀವು ಒಂದು ಮಾತು ಬರೆದುಕೊಟ್ಟರೆ ಮುದುಕಿಯ ಬಾಯಿ ಮುಚ್ಚಿಸುತ್ತೇನೆ.

ಇಂತು,
ಬೆಳ್ಳಿಯಪ್ಪ


ಪುಣೆ
20 ಮಾರ್ಚ್ 1996

ಪೂಜ್ಯ ಬೆಳ್ಳಿಯಪ್ಪನವರಿಗೆ,

ನಮಸ್ಕಾರಗಳು. ಪುಸ್ತಕ ಅಪ್ಪನ ಕೈ ಸೇರಿದೆ, ನಕಲು ನನ್ನ ಮೇಜಿನ ಮೇಲಿದೆ. ನಿಮ್ಮ ಅಕ್ಷರ ನೋಡಿ ನಮ್ಮ ಸರ್ ಕೂಡ ಮೆಚ್ಚಿದರು. ಟಾರ್ಪಾಲಿನ ವಿಷಯ ಅಪ್ಪನಿಗೆ ಹೇಳಿದೆ. ಬಿಸಿಲಲ್ಲಿ ಒಣಗಿಸದೆ ಮಡಿಸಿಟ್ಟರೆ ಯಾವ ಟಾರ್ಪಾಲೂ ಸೋರುತ್ತದೆ ಎಂದರು.

ನಮ್ಮ ಕೆಲಸ ಏನೆಂದು ತಿಳಿಯಬೇಕಲ್ಲವೇ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ತಾಗಿ, ಮೇಲೇರಿ, ತಣ್ಣಗಾಗಿ ಸುರಿಯುತ್ತದೆ. ಇದು ನಿಮಗೆ ಗೊತ್ತಿರುವುದೇ. ಹತ್ತು ಇಂಚಿನ ದಿನಗಳಲ್ಲಿ ಇನ್ನೂ ಮೂರು ಸಂಗತಿ ಒಟ್ಟಿಗೆ ಕೂಡಿಬರುತ್ತವೆ ಎಂದು ನನಗೆ ಕಾಣುತ್ತಿದೆ. ಒಂದು, ಗುಜರಾತಿನಿಂದ ಕೇರಳದವರೆಗೆ ಕರಾವಳಿಯುದ್ದಕ್ಕೂ ಗಾಳಿಯ ಒತ್ತಡ ತಗ್ಗಿರುತ್ತದೆ. ಎರಡು, ಆ ತಗ್ಗಿನೊಳಗೆ ನಮ್ಮ ಕರಾವಳಿಯ ಎದುರಿಗೆ ಸಣ್ಣದೊಂದು ಸುಳಿ ಏಳುತ್ತದೆ. ಮೂರು, ಅದೇ ಹೊತ್ತಿಗೆ ದೂರದ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಇಡೀ ಪಡುವಣ ಗಾಳಿಯನ್ನು ತನ್ನ ಕಡೆ ಎಳೆಯುತ್ತದೆ. ಆಗ ಗಾಳಿ ಬಿರುಸಾಗುತ್ತದೆ. ಒಂದು ಮೋಡ ಸುರಿದು ಮುಗಿಸುವ ಮುಂಚೆ ಅದರ ಬೆನ್ನಿಗೇ ಇನ್ನೊಂದು ಹುಟ್ಟಿ, ಅದೇ ಇಳಿಜಾರಿನ ಮೇಲೆ ಗಂಟೆಗಟ್ಟಲೆ ಸುರಿಯುತ್ತದೆ.

ಒಂದು ಸಂದೇಹ. ಪುಸ್ತಕದಲ್ಲಿ ಅಲ್ಲಲ್ಲಿ ಸತತ ಎರಡು ದಿನ ಒಂದೇ ಅಳತೆ ಇದೆ. 1974ರ ಜುಲೈ 26ರಂದು 7.80, 27ರಂದೂ 7.80. ಒಂದು ಸೆಂಟಿನ ವ್ಯತ್ಯಾಸವೂ ಇಲ್ಲ. ಇದು ಆಕಸ್ಮಿಕವೇ?

ದ್ಯಾವಮ್ಮನವರು ಹೇಳಿದ ಸುಮ್ಮನಾದ ಹಳ್ಳದ ಕಥೆ ಚೆನ್ನಾಗಿದೆ. ಮುಂದೆ ಅಲ್ಲಿಗೆ ಬಂದಾಗ ಅವರ ಬಾಯಿಂದಲೇ ಕೇಳಬೇಕು.

ವಿಶ್ವಾಸಿ,
ಕೃತಿಕಾ


ಬಾಳೂರು
10 ಏಪ್ರಿಲ್ 1996

ಕೃತಿಕಾ ಅವರಿಗೆ,

ಯುಗಾದಿ ಮುಗಿಯಿತು, ಹೂಮಳೆಯೂ ಬಂತು. ಹೂಮಳೆ ಒಂದು ಇಂಚು ನಲವತ್ತು ಸೆಂಟು. ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಿದೆ. ನಿಮ್ಮ ಪುಣೆಯಲ್ಲಿ ಈ ವಾಸನೆ ಸಿಗಲಿಕ್ಕಿಲ್ಲ.

ನೀವು ಕೇಳಿದ ಸಮಸಮ ಅಳತೆಯ ವಿಷಯ. ಮಳೆರಾಯ ಒಮ್ಮೊಮ್ಮೆ ಸಮಪಾಲು ಮಾಡುತ್ತಾನೆ. ಇಲ್ಲಿ ವಾರಗಟ್ಟಲೆ ಒಂದೇ ಹದದಲ್ಲಿ ಹೊಯ್ಯುವ ಮಳೆ ನೋಡಿದವರಿಗೆ ಇದು ಆಶ್ಚರ್ಯವಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನನ್ನ ಪ್ರಶ್ನೆಗೆ ನೀವು ಉತ್ತರ ಬರೆದಿಲ್ಲ. ಪುಸ್ತಕದ ಅತಿ ದೊಡ್ಡ ಮಳೆ 82ರದು, ಒಂಬತ್ತು ಇಂಚು ಇಪ್ಪತ್ತು ಸೆಂಟು. ಅವತ್ತು ನಾನೇ ನಿಂತು ನೋಡಿದ್ದೇನೆ, ಹಳ್ಳದ ನೀರು ಆ ಜಾಗಕ್ಕಿಂತ ಒಂದಾಳು ಕೆಳಗೆ ಹರಿಯುತ್ತಿತ್ತು. ಅದಕ್ಕಿಂತ ಹೆಚ್ಚು ಎಷ್ಟು ಬರಬಹುದು, ಅಲ್ಲಿ ಮನೆ ಕಟ್ಟಬಹುದೋ ಬೇಡವೋ, ಎರಡೇ ಸಾಲು ಬರೆಯಿರಿ. ಮಳೆಗಾಲ ಹಿಡಿಯುವುದರೊಳಗೆ ತಳಪಾಯ ಮುಗಿಸಬೇಕು. ಅತ್ತೆ ಎರಡು ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಊಟಕ್ಕೆ ಬಡಿಸುವಾಗಲೂ ತಟ್ಟೆಯ ಜೊತೆ ಮಾತಾಡುತ್ತಾರೆ.

ಬೆಳ್ಳಿಯಪ್ಪ


ಪುಣೆ
28 ಏಪ್ರಿಲ್ 1996

ಪೂಜ್ಯ ಬೆಳ್ಳಿಯಪ್ಪನವರಿಗೆ,

ನಮಸ್ಕಾರಗಳು. ಪ್ರಬಂಧದ ಮೊದಲ ಭಾಗ ಕೊಡುವ ಗಡಿಬಿಡಿಯಲ್ಲಿದ್ದೇನೆ, ಆದ್ದರಿಂದ ಚುಟುಕಾಗಿ ಬರೆಯುತ್ತಿದ್ದೇನೆ.

ನಿಮ್ಮ ಮೂವತ್ತೈದು ವರ್ಷದ ಅಳತೆ ಹಿಡಿದು ಲೆಕ್ಕ ಹಾಕಿದರೆ, ನಿಮ್ಮ ತೋಟದಲ್ಲಿ ನೂರು ವರ್ಷಕ್ಕೊಮ್ಮೆ ಒಂದೇ ದಿನ ಸುಮಾರು ಹತ್ತೂವರೆ ಇಂಚು ಬೀಳಬಹುದು. ಅದು 82ರದಕ್ಕಿಂತ ಹೆಚ್ಚು ದೂರವಿಲ್ಲ. ಅಂದು ನೀರು ಒಂದಾಳು ಕೆಳಗಿತ್ತೆಂದರೆ ಇನ್ನೊಂದು ಮೊಣಕಾಲಿನಷ್ಟು ಏರಿದರೂ ಜಾಗಕ್ಕೆ ಅಪಾಯವಿಲ್ಲ.

ಇದು ಪೂರಾ ನಿಮ್ಮ ಪುಸ್ತಕದ ಮೇಲೆ ನಿಂತ ಲೆಕ್ಕ. ಪುಸ್ತಕ ಸರಿಯಿದ್ದರೆ ಮಾತ್ರ ಇದು ಸರಿ.

ಕೃತಿಕಾ


ಬಾಳೂರು
15 ಡಿಸೆಂಬರ್ 1996

ಚಿ. ಕೃತಿಕಾಗೆ ಆಶೀರ್ವಾದ.

ನಿನ್ನ ಪತ್ರದ ಮೇಲೆ ಮನೆ ಎದ್ದಿತು ಎಂದ ಮೇಲೆ ನೀನು ನಮ್ಮ ಮನೆಯ ಹುಡುಗಿಯೇ. ಇನ್ನು ಬಹುವಚನ ಬೇಡ. ಮೊನ್ನೆ ಗೃಹಪ್ರವೇಶವಾಯಿತು. ನೀನು ಬರಬೇಕಿತ್ತು. ನಿಮ್ಮಪ್ಪ ಬಂದಿದ್ದರು, ಹೊಸದೊಂದು ಟಾರ್ಪಾಲು ತಂದರು. ನಾಲ್ಕು ಮಳೆಗಾಲ ಬರುತ್ತದಂತೆ, ನೋಡೋಣ.

ನಿನ್ನ ಪತ್ರವನ್ನು ಅತ್ತೆಗೆ ಜೋರಾಗಿ ಓದಿ ಹೇಳಿದ್ದೆ. ಸುಳ್ಳೇಕೆ, ಅಪಾಯವಿಲ್ಲ ಎಂಬಲ್ಲಿಗೆ ನಿಲ್ಲಿಸಿದೆ. ಕೊನೆಯ ಸಾಲು ಓದಿದರೆ ಅವರು ಅದನ್ನೇ ಹಿಡಿದು ಜಗ್ಗುತ್ತಿದ್ದರು. ಅಲ್ಲಿಯವರೆಗೆ ಕೇಳಿ ಅವರು ಹೇಳಿದ್ದು ಇಷ್ಟು: "ಆ ದಿನ ನೀನೂ ನಿನ್ನ ಪುಸ್ತಕನೂ ಎಲ್ಲಿದ್ರಿ ಮಾರಾಯ? ನಾನು ಇಲ್ಲಿದ್ದೆ." ಅದಕ್ಕೆ ನಾನು ನಕ್ಕೆ. ಅತ್ತೆ ಎದ್ದು ಒಳಗೆ ಹೋದರು.

ದಿವ್ಯಾಗೆ ಈಗ ನಾಲ್ಕು ತಿಂಗಳು. ಮೇ ತಿಂಗಳಿಗೆ ದಿನ ಹೇಳಿದ್ದಾರೆ. ಬಾಣಂತನಕ್ಕೆ ಕೆಳಗಿನ ಮನೆಯಲ್ಲೇ ಇರುತ್ತೇನೆಂದು ಅತ್ತೆ ಈಗಲೇ ಗಂಟು ಕಟ್ಟಿದ್ದಾರೆ. ಆ ಮನೆಗೆ ಕಾಲಿಡುವುದಿಲ್ಲ ಎಂದವರು ಅವರೇ. ಬಾಣಂತಿ ಒಂಟಿಯಾಗಿ ಇರಬಾರದಂತೆ.

ನಿನ್ನ ಪುಸ್ತಕ ಯಾವಾಗ ಮುಗಿಯುತ್ತದೆ? ಅದರಲ್ಲಿ ನನ್ನ ಹೆಸರು ಹಾಕುತ್ತೀಯಲ್ಲ?

ಬೆಳ್ಳಿಯಪ್ಪ


ಪುಣೆ
21 ಜುಲೈ 1997

ಪೂಜ್ಯ ಬೆಳ್ಳಿಯಪ್ಪನವರಿಗೆ,

ಏಳು ತಿಂಗಳು ನಿಮಗೆ ಬರೆಯಲಿಲ್ಲ. ಕ್ಷಮಿಸಿ. ದಿವ್ಯಾ ಅವರಿಗೆ ಗಂಡು ಮಗುವಾಯಿತೆಂದು ಅಪ್ಪ ತಿಳಿಸಿದಾಗಲೂ ನಾಲ್ಕು ಸಾಲು ಬರೆಯಬೇಕಿತ್ತು. ಇದನ್ನು ದಯವಿಟ್ಟು ಕೊನೆಯವರೆಗೆ ಓದಿ.

ಬಾಳೂರಿನ ಸುತ್ತಲಿನ ಇನ್ನೊಂದು ತೋಟದ ಪುಸ್ತಕ ಈ ತಿಂಗಳು ಸಿಕ್ಕಿತು. ನಿಮ್ಮಲ್ಲಿಗೆ ಹತ್ತು ಮೈಲಿ. ಅಲ್ಲಿ 1974ರ ಜುಲೈ 26ರಂದು ಎರಡು ಇಂಚು ಹತ್ತು ಸೆಂಟು, 27ರಂದು ಹದಿಮೂರು ಇಂಚು ನಲವತ್ತು ಸೆಂಟು. ಎರಡೂ ಸೇರಿದರೆ ಹೆಚ್ಚುಕಡಿಮೆ ನಿಮ್ಮ ಎರಡು 7.80ರಷ್ಟೇ ಆಗುತ್ತದೆ. ಆಮೇಲೆ ನಿಮ್ಮ ಪುಸ್ತಕದ ಸಮಸಮ ಜೋಡಿಗಳನ್ನೆಲ್ಲ ಕ್ಯಾಲೆಂಡರ್ ಹಿಡಿದು ನೋಡಿದೆ. ಅಷ್ಟೂ ಶುಕ್ರವಾರ ಮತ್ತು ಶನಿವಾರ. ಮಳೆಗೆ ವಾರ ಗೊತ್ತಿಲ್ಲ. ಶುಕ್ರವಾರ ನಿಮ್ಮ ಪೇಟೆಯಲ್ಲಿ ಸಂತೆ ಎಂದು ಅಪ್ಪ ಹೇಳಿದರು. ಬೆಳಗಿನ ಮೊದಲ ಬಸ್ಸಿಗೆ ನೀವು ಸಂತೆಗೆ ಹೋಗುತ್ತೀರಿ. ಗಾಜು ಬೀರುವಿನಲ್ಲಿರುತ್ತದೆ. ಶನಿವಾರ ಎರಡು ದಿನದ ನೀರನ್ನು ಒಟ್ಟಿಗೆ ಅಳೆದು, ಅರ್ಧ ಅರ್ಧ ಮಾಡಿ ಎರಡು ಸಾಲಿಗೆ ಬರೆಯುತ್ತೀರಿ. ಸರಿಯೇ?

ಹಾಗಿದ್ದರೆ 74ರಲ್ಲಿ ನಿಮ್ಮ ತೋಟದ ಮೇಲೆ ಒಂದೇ ದಿನಕ್ಕೆ ಹದಿಮೂರು ಇಂಚಿನ ಮೇಲೆ ಬಿದ್ದಿದೆ. ಅಂದಿನ ನಕ್ಷೆ ತೆಗೆದು ನೋಡಿದೆ. ಕೊಲ್ಲಿಯ ಕುಸಿತ, ಕರಾವಳಿಯ ತಗ್ಗು, ನಮ್ಮ ಎದುರಿನ ಸುಳಿ, ಮೂರೂ ಇದ್ದವು. ನಾನು ಬರೆದ ಹತ್ತೂವರೆ ಇಂಚಿಗೆ ಅರ್ಥವೇ ಇಲ್ಲ.

ದ್ಯಾವಮ್ಮನವರು ಹೇಳಿದ್ದು ಕಥೆಯಲ್ಲ. ಅಷ್ಟು ಮಳೆಗೆ ಮೇಲೆ ಎಲ್ಲೋ ಗುಡ್ಡ ಜಾರಿ ಹಳ್ಳಕ್ಕೆ ಅಡ್ಡ ಬೀಳುತ್ತದೆ. ನೀರು ಹಿಂದೆ ನಿಲ್ಲುತ್ತದೆ, ಕೆಳಗೆ ಹಳ್ಳ ಸುಮ್ಮನಾಗುತ್ತದೆ. ಆಮೇಲೆ ಮಣ್ಣು, ಮರ, ಬಂಡೆ ಎಲ್ಲ ಒಟ್ಟಿಗೆ ಬರುತ್ತವೆ. ಅವರೊಬ್ಬರೇ ಸರಿಯಾಗಿ ನೋಡಿದ್ದರು. ನಾನು ಅದನ್ನು ಚೆನ್ನಾಗಿದೆ ಎಂದು ಬರೆದು ಮುಂದೆ ಹೋದೆ.

ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿಮ್ಮ ಸಮಪಾಲಿನ ಉತ್ತರವನ್ನು ನಾನು ನಂಬಿರಲಿಲ್ಲ. ಮತ್ತೆ ಕೇಳಿದರೆ ಆ ಸಾಲುಗಳನ್ನೆಲ್ಲ ತೆಗೆಯಬೇಕಾಗುತ್ತಿತ್ತು, ಪ್ರಬಂಧದ ದಿನ ಹತ್ತಿರವಿತ್ತು. ಕೇಳದೆ ಬಿಟ್ಟೆ.

ಈಗ ಒರಿಸ್ಸಾದ ಆಚೆ ಸಮುದ್ರದಲ್ಲಿ ವಾಯುಭಾರ ಕುಸಿಯುತ್ತಿದೆ. ಮೂರ್ನಾಲ್ಕು ದಿನದಲ್ಲಿ ಘಟ್ಟದ ಮೇಲೆ ಗಾಳಿ ಬಲವಾಗಬಹುದು. ಯಾವ ತಾಲ್ಲೂಕು, ಯಾವ ಇಳಿಜಾರು ಎಂದು ನನಗೂ ಗೊತ್ತಿಲ್ಲ, ಇಲ್ಲಿ ಯಾರಿಗೂ ಹೇಳಲು ಬರುವುದಿಲ್ಲ. ಇಷ್ಟೆಲ್ಲ ಓದಿ ಅಷ್ಟು ಹೇಳಲಾಗುವುದಿಲ್ಲ ಎಂದರೆ ನಿಮಗೆ ನಗು ಬರಬಹುದು. ಮಳೆಗಾಲ ಮುಗಿಯುವವರೆಗೆ ಎಲ್ಲರನ್ನೂ ಮೇಲಿನ ಮನೆಗೆ ಕರೆಸಿಕೊಳ್ಳಿ. ನಿಮ್ಮಲ್ಲಿ ಫೋನಿಲ್ಲ. ಅಪ್ಪನಿಗೆ ಫೋನು ಮಾಡಿ, ಬಾಳೂರಿಗೆ ಬರುವ ಯಾರ ಕೈಯಲ್ಲಾದರೂ ಹೇಳಿ ಕಳಿಸಲು ಹೇಳಿದ್ದೇನೆ.

ಕೃತಿಕಾ


ಪುಣೆ
30 ಜುಲೈ 1997

ಪೂಜ್ಯರೇ,

ಬಾಳೂರಿನ ಕಡೆ ಗುಡ್ಡ ಜರಿದಿದೆ, ಸೇತುವೆಯ ಮೇಲೆ ನೀರು ಹೋಗಿದೆ ಎಂದು ಅಪ್ಪ ಹೇಳಿದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿಲ್ಲ. ಬಸ್ಸಿಲ್ಲವಂತೆ. ನನ್ನ ಪತ್ರ ಮುಟ್ಟಿತೇ? ಒಂದು ಸಾಲು ಬರೆಯಿರಿ. ನಾನು ಇಲ್ಲಿ ನಕ್ಷೆಗಳ ಮುಂದೆ ಕೂತಿದ್ದೇನೆ. ಸುಳಿ ಎಲ್ಲಿತ್ತು, ಗಾಳಿ ಎಷ್ಟಿತ್ತು ಎಲ್ಲ ಇವುಗಳಲ್ಲಿ ಕಾಣುತ್ತದೆ. ನೀವು ಎಲ್ಲಿದ್ದೀರಿ ಎಂಬುದು ಮಾತ್ರ ಕಾಣುವುದಿಲ್ಲ.

ಕೃತಿಕಾ


ಬಾಳೂರು
9 ಆಗಸ್ಟ್ 1997

ಮಗಳೇ,

ನಿನ್ನ ಎರಡು ಪತ್ರವೂ ನಾಲ್ಕನೇ ತಾರೀಖು ಒಟ್ಟಿಗೆ ಬಂದವು. ಅಂಚೆಯವನು ಸೇತುವೆಯಿಂದ ನಡೆದುಕೊಂಡು ಬಂದು ಕೊಟ್ಟ. ಮೊದಲನೆಯದು ಐದೇ ದಿನದಲ್ಲಿ ಬಂದಿದ್ದರೂ ಶನಿವಾರ ಬರುತ್ತಿತ್ತು. ಹಾಗಾಗಿ ಅಂಚೆಯ ಮೇಲೆ ಕೋಪವಿಲ್ಲ, ನೀನು ತಡ ಮಾಡಿದೆ ಎಂದು ಕೊರಗಬೇಡ.

ಕೊರಗುವುದು ನನ್ನ ಪಾಲಿಗಿದೆ. ಯಾಕೆಂದರೆ ನಿಮ್ಮಪ್ಪ ಹೇಳಿ ಕಳಿಸಿದ ಮಾತು ಬಂದಿತ್ತು. ಗುರುವಾರ ಸಂಜೆ, ಜೀಪಿನ ಷಡಕ್ಷರಿ ಗೇಟಿನ ಹತ್ತಿರ ನಿಲ್ಲಿಸಿ, "ಬೆಳ್ಳಿಯಪ್ಪಣ್ಣ, ಪುಣೆ ಹುಡುಗಿ ಹೇಳಿದ್ರಂತೆ, ನಿಮ್ಮ ಮಳೆ ಪುಸ್ತಕದ ಲೆಕ್ಕ ತಪ್ಪಂತೆ, ಎಲ್ಲರೂ ಮೇಲಿನ ಮನೆಗೆ ಬರಬೇಕಂತೆ" ಎಂದ. ಜೀಪಿನಲ್ಲಿ ಇನ್ನೂ ನಾಲ್ಕು ಜನ ಇದ್ದರು, ನಕ್ಕರು. ನನ್ನ ಪುಸ್ತಕ ತಪ್ಪೇ ಎಂದು ನನಗೆ ಮೈ ಉರಿಯಿತು. ಎಲ್ಲಿ ತಪ್ಪಿರಬಹುದು ಎಂಬುದು ನನಗೊಬ್ಬನಿಗೆ ಗೊತ್ತಿತ್ತು, ಅದಕ್ಕೇ ಅಷ್ಟು ಕೋಪ ಬಂತು. ಕೆಳಗಿನ ಮನೆಗೆ ಹೋಗಿ ಹೇಳಲಿಲ್ಲ. ಹೇಳಿದರೆ ಅತ್ತೆಯ ಮುಂದೆ ಸೋಲಬೇಕಿತ್ತು. ಸಂತೆ ಮುಗಿಸಿ ಬಂದು ಶನಿವಾರ ನೋಡೋಣ ಎಂದುಕೊಂಡೆ.

ಶುಕ್ರವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಹತ್ತು ಗಂಟೆಗೆ ಪೇಟೆಯಲ್ಲಿ ಎದುರಿನ ಅಂಗಡಿ ಕಾಣದಷ್ಟು ಮಳೆ. ಈ ಅರವತ್ತು ವರ್ಷದಲ್ಲಿ ಅಂಥದ್ದು ನೋಡಿಲ್ಲ. ಸಂತೆ ಎದ್ದಿತು. ಸಿಕ್ಕ ಜೀಪು ಹಿಡಿದು ಸೇತುವೆಯವರೆಗೆ ಬಂದೆ. ಸೇತುವೆಯ ಮೇಲೆ ಎದೆಮಟ್ಟ ನೀರು. ಆಚೆ ನಮ್ಮ ಗುಡ್ಡ ಕಾಣುತ್ತಿತ್ತು, ಹೋಗುವ ಹಾಗಿಲ್ಲ. ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದೆ. ನಿಲ್ಲುವುದು ಬಿಟ್ಟು ಬೇರೆ ಏನೂ ಮಾಡಲಾಗಲಿಲ್ಲ. ಶನಿವಾರ ನೀರು ಇಳಿದ ಮೇಲೆ ನಡೆದು ಬಂದೆ.

ಇನ್ನು ಬರೆಯುವುದು ದಿವ್ಯಾ ಹೇಳಿದ್ದು. ಶುಕ್ರವಾರ ಹನ್ನೊಂದೂವರೆಗೆ ಅತ್ತೆ ಮಗುವಿಗೆ ಎರೆಯಲು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದರು. ನಾಗೇಶ ಆಳುಗಳ ಜೊತೆ ಮೇಲಿನ ತೋಟದಲ್ಲಿ ಕಾಲುವೆ ಬಿಡಿಸಲು ಹೋಗಿದ್ದ. ಇದ್ದಕ್ಕಿದ್ದ ಹಾಗೆ ಅತ್ತೆ ಹೊರಗೆ ಬಂದು ನಿಂತರು. ಮಳೆ ಹಾಗೆಯೇ ಹೊಯ್ಯುತ್ತಿತ್ತು. ಹಳ್ಳದ ಸದ್ದಿರಲಿಲ್ಲ. "ಮಗು ಎತ್ಕಂಡು ಮೇಲಕ್ಕೆ ನಡಿ. ಹಿಂದೆ ನೋಡ್ಬೇಡ. ನಾನು ಹಸ ಬಿಚ್ಚಿ ಬರ್ತೀನಿ" ಎಂದರು. ದಿವ್ಯಾ ಎರಡು ತಿಂಗಳ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಫಿ ಗಿಡದ ನಡುವೆ ಹತ್ತಿದಳು. ಕಣ ಮುಟ್ಟುವ ಹೊತ್ತಿಗೆ ಕೆಳಗೆ ಸದ್ದಾಯಿತು. ಅದು ನೀರಿನ ಸದ್ದಲ್ಲ ಅಪ್ಪಯ್ಯ ಎಂದಳು. ಸ್ವಲ್ಪ ಹೊತ್ತಿಗೆ ಹಸು ಹತ್ತಿಕೊಂಡು ಬಂತು. ಅದರ ಕೊರಳಲ್ಲಿ ಹಗ್ಗ ಇರಲಿಲ್ಲ, ಅತ್ತೆ ಬಿಚ್ಚಿದ್ದರು. ಅತ್ತೆ ಬರಲಿಲ್ಲ.

ಮನೆ ಇಲ್ಲ, ಹಲಸಿನ ಮರವೂ ಇಲ್ಲ. ಅತ್ತೆ ಭಾನುವಾರ ಬೆಳಗ್ಗೆ ಕೆಳಗಿನ ಗದ್ದೆಯಲ್ಲಿ ಸಿಕ್ಕಿದರು. ನಾಗೇಶ ಮತ್ತು ಏಳು ಜನ ಹುಡುಕಿದ್ದು.

ನೀನು ಕಂಡುಹಿಡಿದದ್ದು ಪೂರಾ ಸರಿ. ಈ ಕಡೆ ನಾನೊಬ್ಬನೇ ಹೀಗೆ ಮಾಡುತ್ತಿರಲಿಲ್ಲ. ಖಾಲಿ ಸಾಲು ಕಂಡರೆ ಸೋಮಾರಿ ಎನ್ನುತ್ತಾರೆಂದು ನಮ್ಮ ತಂದೆಯೂ ಹಾಗೇ ಹಂಚುತ್ತಿದ್ದರು. ಹಂಚಿದರೂ ಮೊತ್ತ ಒಂದೇ, ವರ್ಷದ ಮಳೆ ಸರಿ ಬರುತ್ತದೆ, ಯಾರಿಗೆ ಏನು ನಷ್ಟ ಎಂದುಕೊಂಡಿದ್ದೆ. 74ರಲ್ಲೂ ನಾನು ಸೇತುವೆಯ ಆಚೆ ಸಂತೆಯಲ್ಲೇ ಸಿಕ್ಕಿಕೊಂಡಿದ್ದೆ. ಮನೆಗೆ ಬಂದಾಗ ಅತ್ತೆ ನೀರಿನ ವಿಷಯ ಹೇಳಿದರು. ನಾನು ಗಾಜು ತೆಗೆದು ಅಳೆದು, ಅರ್ಧ ಮಾಡಿ ಬರೆದು, ಏಳು ಎಂಬತ್ತಕ್ಕೆ ಇಷ್ಟು ಹೆದರಿಕೆಯೇ ಎಂದಿದ್ದೆ. ಆ ಏಳು ಎಂಬತ್ತನ್ನು ಹಂಚಿ ಬರೆದದ್ದು ನಾನೇ ಎಂಬುದು ಇಪ್ಪತ್ತು ವರ್ಷದಲ್ಲಿ ನನಗೇ ಮರೆತಿತ್ತು. ನೀನು ಕೇಳಿದ ದಿನ ನೆನಪಾಯಿತು. ಆ ದಿನ ಹೇಳಲಿಲ್ಲ.

ನಿನ್ನ ಪುಸ್ತಕದಿಂದ ನನ್ನ ಹೆಸರು ತೆಗೆದುಬಿಡು. ದ್ಯಾವಮ್ಮ ಎಂದು ಎಲ್ಲಾದರೂ ಹಾಕುವುದಕ್ಕೆ ಆದರೆ ಹಾಕು. ಬೀರುವಿನ ಬೀಗದ ಕೈ ದಿವ್ಯಾಗೆ ಕೊಟ್ಟಿದ್ದೇನೆ. ಬೆಳಗ್ಗೆ ಎಂಟಕ್ಕೆ ಅವಳೇ ಅಳೆಯುತ್ತಾಳೆ.

ಆ ಭಾನುವಾರ ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ, ಡಬ್ಬಿಯ ಹತ್ತಿರ ಹೋದೆ. ಮಳೆ ನಿಂತಿತ್ತು. ಒಳಗಿನ ಬಾಟಲಿ ತುಂಬಿ, ಹೊರಗಿನ ಡಬ್ಬಿಯೂ ತುಂಬಿ, ಸುತ್ತ ನೆಲಕ್ಕೆ ಹರಿದಿತ್ತು. ಪುಸ್ತಕ ತೆಗೆದು ಶುಕ್ರವಾರದ ಸಾಲು ಖಾಲಿ ಬಿಟ್ಟೆ. ಶನಿವಾರದ್ದನ್ನೂ ಬಿಟ್ಟೆ. ಭಾನುವಾರದ ಮುಂದೆ ಹೀಗೆ ಬರೆದೆ: ಮೂರು ದಿನದ್ದು ಸೇರಿದೆ, ತುಂಬಿ ಚೆಲ್ಲಿದೆ, ಎಷ್ಟೆಂದು ಗೊತ್ತಿಲ್ಲ, ಹಂಚಿಲ್ಲ.

ಬೆಳ್ಳಿಯಪ್ಪ